ಮಿಕ್ಕವರ ಜೋಡಿ

ಗೋಡೆಗೆ ನೇತುಹಾಕಿದ ಭೂಪಟದ ಮೇಲೆ ಬೆತ್ತದ ತುದಿಯಿಟ್ಟು ವರ್ಷಗಟ್ಟಲೆ ಮಕ್ಕಳನ್ನು ಸಾಗರ ದಾಟಿಸಿದ ಭೂಗೋಳದ ಟೀಚರಿಗೆ ಸ್ವಂತ ಪಾಸ್‌ಪೋರ್ಟು ಬಂದದ್ದು ನಲವತ್ತಾರನೇ ವಯಸ್ಸಿನಲ್ಲಿ. ಶಿಕ್ಷಕರಿಗೆಂದು ಏರ್ಪಡಿಸಿದ ವಿದೇಶಿ ಸಾಂಸ್ಕೃತಿಕ ಅಧ್ಯಯನ ಪ್ರವಾಸಕ್ಕೆ ಅವಳು ಆಯ್ಕೆಯಾದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆ ಬಂದು ಬೀಗ ತೆಗೆದರೆ ಆ ಸುದ್ದಿ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ರೇಡಿಯೋ ಹಾಕಿದಳು. ಅದು ತನ್ನ ಪಾಡಿಗೆ ನಾಳೆಯ ಹವಾಮಾನ ಹೇಳುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿದಳು.

“ಹೋಗಿ ಬಾರೇ, ಕಣ್ತುಂಬ ನೋಡ್ಕೊಂಡು ಬಾ,” ಅಂದಳು ಅಕ್ಕ. “ಬಂದಮೇಲೆ ಆ ಕೆಲಸ ಬಿಟ್ಟು ಸೀದಾ ನಮ್ಮನೆಗೆ ಬಂದ್ಬಿಡು. ಹಿಂದಿನ ರೂಮು ಖಾಲಿ ಮಾಡಿಸ್ತಾ ಇದ್ದೀನಿ. ನನ್ನ ಮೊಮ್ಮಗೂನ ನೋಡ್ಕೊಂಡು ಹಾಯಾಗಿರು. ಒಬ್ಬಳೇ ಎಷ್ಟು ದಿನ ಅಂತ ಬಾಡಿಗೆ ಮನೇಲಿ ಬಿದ್ದಿರ್ತೀಯ?”

“ಆಯ್ತಕ್ಕ.”

ಅಕ್ಕನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಹಿಂದಿನ ರೂಮನ್ನು ಟೀಚರ್ ಚೆನ್ನಾಗಿ ಬಲ್ಲಳು. ಕಾಲು ಮುರಿದ ಕುರ್ಚಿ, ಹಳೆಯ ಹಾಸಿಗೆ, ಓಡದ ಫ್ಯಾನು ಎಲ್ಲ ಅಲ್ಲಿಗೇ ಹೋಗಿ ಸೇರುತ್ತಿದ್ದವು. ಎಸೆಯಲು ಮನಸ್ಸು ಬಾರದೆ, ಹಾಲ್‌ನಲ್ಲಿ ಇಡಲು ಜಾಗ ಸಾಲದೆ ಉಳಿಸಿಕೊಂಡ ಸಾಮಾನುಗಳು. ಈಗ ತನ್ನ ಸರದಿ ಬಂತು ಎಂದುಕೊಂಡಳು. ಆದರೂ ಆಯ್ತು ಅಂದಿದ್ದಳು. ಬೇಡ ಅನ್ನಲು ಒಂದು ಕಾರಣ ಬೇಕಲ್ಲ, ಅದು ಅವಳ ಬಳಿ ಇರಲಿಲ್ಲ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದು ಹೆಡ್‌ಮೇಡಂ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಪ್ರವಾಸದ ಮುಂದಾಳು. ಅವರು ನಿವೃತ್ತರಾದದ್ದು ಹುದ್ದೆಯಿಂದ ಮಾತ್ರ, ಗಂಟಲಿನಿಂದಲ್ಲ. ತಲೆ ನರೆತ ಮೇಷ್ಟ್ರುಗಳೂ ಅವರ ಎದುರು ಕೈ ಕಟ್ಟಿ ನಿಂತರು.

“ಮಕ್ಕಳನ್ನ ಕರ್ಕೊಂಡು ಎಷ್ಟೋ ಊರು ಸುತ್ತಿದ್ದೀನಿ, ಒಂದು ಮಗೂನೂ ಕಳೆದಿಲ್ಲ. ಆದ್ರೆ ಮೇಷ್ಟ್ರುಗಳನ್ನ ನಾನು ನಂಬಲ್ಲ. ಅದಕ್ಕೇ ಜೋಡಿ ಪದ್ಧತಿ!”

ಪದ್ಧತಿ ಹೀಗಿತ್ತು. ಒಂದು ರೂಮಿನ ಇಬ್ಬರು ಒಂದು ಜೋಡಿ. ಬಸ್ಸು ಹೊರಡುವ ಮುಂಚೆ ಹಾಜರಿ. ಆದರೆ ಯಾರೂ ತಮ್ಮ ಹಾಜರಿಯನ್ನು ತಾವೇ ಕೂಗುವಂತಿಲ್ಲ, ಜೋಡಿಯದನ್ನು ಕೂಗಬೇಕು. ಒಂದು ದಿನ ಒಬ್ಬರ ಸರದಿ, ಮರುದಿನ ಇನ್ನೊಬ್ಬರದು. ಇನ್ನು ಸಂಜೆ ಎಲ್ಲರೂ ಸೇರಿದಾಗ ಎದ್ದು ನಿಂತು ಆ ದಿನ ನೋಡಿದ್ದನ್ನು ಹೇಳಬೇಕು. ತಾನು ನೋಡಿದ್ದನ್ನಲ್ಲ, ತನ್ನ ಜೋಡಿ ನೋಡಿದ್ದನ್ನು.

“ನೀವು ನೋಡಿದ್ದು ಹೇಳಿ ಅಂದ್ರೆ ಎಲ್ಲರೂ ಬ್ರೋಷರ್ ಓದಿಬಿಡ್ತೀರಿ,” ಎಂದರು ಹೆಡ್‌ಮೇಡಂ. “ಪಕ್ಕದವರು ಏನು ನೋಡಿದ್ರು ಅಂತ ಹೇಳ್ಬೇಕಾದ್ರೆ ಪಕ್ಕದವರನ್ನ ನೋಡ್ಲೇಬೇಕು.”

ಹೆಂಗಸರು ಇಬ್ಬಿಬ್ಬರಾಗಿ ಕೂಡಿಕೊಂಡರು, ಭೂಗೋಳದ ಟೀಚರ್ ಮಿಕ್ಕಳು. ಯಾವಾಗಲೂ ಮಿಕ್ಕವಳು ಅವಳೇ, ಹೊಸದೇನಲ್ಲ. ಗಂಡಸರ ಸಾಲಿನಲ್ಲೂ ಒಬ್ಬರು ಮಿಕ್ಕಿದ್ದರು. ಎತ್ತರದ ಆಳು, ಕತ್ತಿನಲ್ಲಿ ದಾರ ಕಟ್ಟಿದ ಸೀಟಿ. ಸೆಕ್ಯುರಿಟಿಯವರು ಬಿಚ್ಚಿಸಿದ್ದನ್ನು ಮತ್ತೆ ಹಾಕಿಕೊಳ್ಳುತ್ತಿದ್ದರು.

“ಮಿಕ್ಕವರಿಬ್ಬರೂ ಒಂದು ಜೋಡಿ,” ಎಂದು ತೀರ್ಪು ಬಂತು. “ರೂಮು ಬೇರೆ ಬೇರೆ, ಹಾಜರಿ ಒಂದೇ.”

ವಿಜ್ಞಾನದ ಮೇಷ್ಟ್ರು ಸುಮ್ಮಸುಮ್ಮನೆ ಕೆಮ್ಮಿದರು. “ಸಂಸ್ಕೃತಿ ಅಧ್ಯಯನಕ್ಕೆ ಪಿ.ಟಿ. ಮೇಷ್ಟ್ರು! ಇನ್ನೇನು, ನಮ್ಮನ್ನೆಲ್ಲ ಮ್ಯೂಸಿಯಂ ಸುತ್ತ ಓಡಿಸ್ತಾರೆ.”

ಪಿ.ಟಿ. ಮೇಷ್ಟ್ರು ನಕ್ಕು ಅವಳ ಪಕ್ಕ ಬಂದು ನಿಂತರು. ಮೈದಾನದಲ್ಲಿ ಕೂಗಿ ಕೂಗಿ ಬದುಕುವ ಮನುಷ್ಯನ ದನಿ ಇಷ್ಟು ಮೆತ್ತಗಿರುತ್ತದೆಂದು ಅವಳು ಎಣಿಸಿರಲಿಲ್ಲ.

“ಭೂಗೋಳ ಅಂದ್ರಲ್ಲ, ಒಳ್ಳೇದಾಯ್ತು. ದಾರಿ ತಪ್ಪೋ ಭಯ ಇಲ್ಲ.”

“ಅಯ್ಯೋ ಸರ್, ನಾನು ನಮ್ಮ ಜಿಲ್ಲೆ ದಾಟಿದವಳಲ್ಲ.”

“ಹಾಗಾದ್ರೆ ಸರಿಹೋಯ್ತು. ನಾನು ಮೈದಾನ ದಾಟಿದವನಲ್ಲ.”

ಇಬ್ಬರೂ ನಕ್ಕರು. ಆಮೇಲೆ ಏನು ಮಾತಾಡಬೇಕೆಂದು ತಿಳಿಯದೆ ತಮ್ಮ ತಮ್ಮ ಚೀಲದ ಜಿಪ್ಪು ಎಳೆದು ನೋಡಿಕೊಂಡರು.

ಆ ಪರದೇಶದ ಹೋಟೆಲಿನಲ್ಲಿ ಅವಳಿಗೆ ಸಿಕ್ಕ ರೂಮಿನಲ್ಲಿ ಎಲ್ಲವೂ ಎರಡೆರಡು. ಎರಡು ದಿಂಬು, ಎರಡು ಟವೆಲ್, ನೀರು ಕಾಯಿಸುವ ಕೆಟಲಿನ ಪಕ್ಕ ಬೋರಲು ಹಾಕಿದ ಎರಡು ಕಪ್ಪು. ಅವಳು ಒಂದರಲ್ಲಿ ಟೀ ಮಾಡಿಕೊಂಡು ಕುಡಿದಳು. ಸಂಜೆ ಬಂದು ನೋಡಿದರೆ ರೂಮು ಒಪ್ಪ ಮಾಡುವ ಹೆಂಗಸು ಎರಡೂ ಕಪ್ಪನ್ನು ತೊಳೆದು, ಎರಡೂ ದಿಂಬನ್ನು ತಟ್ಟಿ ಇಟ್ಟಿದ್ದಳು. ಮುಟ್ಟದ ಕಪ್ಪನ್ನು ಯಾಕಮ್ಮ ತೊಳೀತೀಯ ಎಂದು ಕೇಳೋಣವೆಂದರೆ ಭಾಷೆ ಬಾರದು.

ಮೊದಲ ಸಂಜೆ ಹೋಟೆಲಿನ ಊಟದ ಕೋಣೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿ ಹೆಡ್‌ಮೇಡಂ ವರದಿ ಶುರುಮಾಡಿಸಿದರು. ಒಬ್ಬೊಬ್ಬರೂ ತಮ್ಮ ಜೋಡಿ ಮ್ಯೂಸಿಯಮ್ಮಿನಲ್ಲಿ ಯಾವ ಕಿರೀಟ ನೋಡಿದರು, ಯಾವ ಖಡ್ಗ ನೋಡಿದರು ಎಂದು ಹೇಳಿದರು. ಪಿ.ಟಿ. ಮೇಷ್ಟ್ರ ಸರದಿ ಬಂತು.

“ನಮ್ಮ ಮೇಡಂ ಕಿರೀಟ ನೋಡಲಿಲ್ಲ,” ಎಂದರು. “ಎರಡನೇ ಮಹಡೀಲಿ ಒಂದು ಕಿಟಕಿ ಇತ್ತು. ಅಲ್ಲಿ ನಿಂತು ನದಿ ಯಾವ ಕಡೆಗೆ ಹರೀತಿದೆ ಅಂತ ನೋಡಿದ್ರು. ಹೊರಟ ಮೇಲೆ ಮತ್ತೆ ವಾಪಸ್ ಬಂದು ಇನ್ನೊಂದ್ಸಲ ನೋಡಿದ್ರು.”

ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ತಾನು ಏನು ನೋಡುತ್ತೇನೆಂದು ಯಾರಾದರೂ ನೋಡಿ ಎಷ್ಟು ಕಾಲವಾಯಿತು? ಅಮ್ಮ ಇದ್ದಾಗ ನೋಡುತ್ತಿದ್ದಳು. ಆಮೇಲೆ ಇಲ್ಲ.

ಮರುದಿನ ಹಳೆಯ ಕೋಟೆಯೊಂದರ ಗೋಪುರ ಹತ್ತುವಾಗ ಅವಳೂ ಅವರನ್ನು ಬಿಡದೆ ಗಮನಿಸಿದಳು. ಗಮನಿಸುವುದು ಗೊತ್ತಾಗಬಾರದೆಂದು ಕಂಬದ ಮರೆಯಲ್ಲಿ ನಿಂತಳು. ಅವರು ತಟ್ಟನೆ ತಿರುಗಿದರು.

“ಮೇಡಂ, ಕಾಣ್ತಾ ಇದ್ದೀರಿ.”

“ನಾನು ಕಂಬ ನೋಡ್ತಾ ಇದ್ದೆ.”

“ಸರಿ. ರಾತ್ರಿ ವರದೀಲಿ ಹಾಗೇ ಹೇಳ್ತೀನಿ. ಮೇಡಂ ಕಂಬ ನೋಡಿದ್ರು. ತುಂಬ ಹೊತ್ತು ನೋಡಿದ್ರು.”

ಅವಳ ಕೆನ್ನೆ ಬಿಸಿಯಾಯಿತು. ಅವರು ಮಾತ್ರ ಏನೂ ಆಗದವರಂತೆ ಮೆಟ್ಟಿಲು ಏರಿದರು, ತಿರುವಿನಲ್ಲಿ ಒಮ್ಮೆ ಕಣ್ಣಂಚಿನಲ್ಲಿ ನೋಡಿ ಮೀಸೆಯೊಳಗೇ ನಕ್ಕರು.

ಆ ಸಂಜೆ ಅವಳು ಎದ್ದು ಹೇಳಿದಳು: “ಪಿ.ಟಿ. ಸರ್ ಗೋಪುರದ ಮೇಲಿಂದ ಊರು ನೋಡ್ಲಿಲ್ಲ, ಮೆಟ್ಟಿಲು ನೋಡಿದ್ರು. ಮೆಟ್ಟಿಲು ಎರಡೂ ಕಡೆ ಒಂದೇ ಸಮ ಸವೆದಿಲ್ಲ. ಗೋಡೆ ಕಡೆ ಜಾಸ್ತಿ ಸವೆದಿದೆ. ಇಳಿಯೋರು ಹೆದರಿಕೊಂಡು ಗೋಡೆ ಹಿಡ್ಕೊಂಡೇ ಇಳೀತಾರಂತೆ.” ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, “ಇದು ನೋಡಿ ವರದಿ,” ಎಂದರು. ವಿಜ್ಞಾನದ ಮೇಷ್ಟ್ರಿಗೆ ಮತ್ತೆ ಕೆಮ್ಮು ಬಂತು.

ಹೀಗೆ ದಿನಗಳು ಸರಿದವು. ಬಸ್ಸಿನಲ್ಲಿ ಅವರಿಬ್ಬರದೂ ಅಕ್ಕಪಕ್ಕದ ಸೀಟು. ಅವಳು ಹೊರಗೆ ನೋಡುವ ನೆಪದಲ್ಲಿ ಗಾಜಿನಲ್ಲಿ ಮೂಡಿದ ಅವರ ಮುಖ ನೋಡುತ್ತಿದ್ದಳು. ಅವರಿಗೂ ಆ ಗಾಜಿನ ಗುಟ್ಟು ಗೊತ್ತಿತ್ತೇನೋ, ಒಮ್ಮೊಮ್ಮೆ ಗಾಜಿನೊಳಗೇ ಹುಬ್ಬು ಹಾರಿಸುತ್ತಿದ್ದರು. ಹಾಜರಿಯ ಹೊತ್ತಿಗೆ ಹೆಡ್‌ಮೇಡಂ “ಮಿಕ್ಕವರು?” ಎಂದು ಕೂಗಿದರೆ ಅವಳ ಸರದಿಯಿದ್ದ ದಿನ ಅವಳು ಪಕ್ಕಕ್ಕೆ ತಿರುಗಿ, ಅವರನ್ನು ಒಮ್ಮೆ ಪೂರ್ತಿ ನೋಡಿ, “ಇದ್ದಾರೆ” ಅನ್ನುತ್ತಿದ್ದಳು. ಇಡೀ ದಿನದಲ್ಲಿ ನೆಪವಿಲ್ಲದೆ ಅವರನ್ನು ನೋಡಬಹುದಾದ ಗಳಿಗೆ ಅದೊಂದೇ. ಅದಕ್ಕಾಗಿ ತಾನು ಬೆಳಿಗ್ಗೆಯಿಂದ ಕಾಯತೊಡಗಿದ್ದೇನೆಂದು ಅವಳಿಗೆ ತಿಳಿದಾಗ ಸ್ವಲ್ಪ ಹೆದರಿಕೆಯೂ ಆಯಿತು.

ಒಂದು ಮಧ್ಯಾಹ್ನ ಇಬ್ಬರೂ ನದಿಯ ಸೇತುವೆಯ ಮೇಲೆ ಗಾಳಿಗೆ ಕೋಟಿನ ಕಾಲರು ಎತ್ತಿಕೊಂಡು ನಿಂತಿದ್ದರು. ಸ್ವಲ್ಪ ದೂರದಲ್ಲಿ ಒಬ್ಬ ಮುದುಕ ಕಷ್ಟಪಟ್ಟು ಬಗ್ಗಿ ತನ್ನ ಹೆಂಡತಿಯ ಬೂಟಿನ ಲೇಸು ಕಟ್ಟುತ್ತಿದ್ದ. ಮೇಷ್ಟ್ರು ಅದನ್ನೇ ನೋಡುತ್ತಿದ್ದರು.

“ನನ್ನ ಹೆಂಡತಿ ಹೋದಮೇಲೆ ನಾನು ನಿಂತ್ಕೊಂಡೇ ಊಟ ಮಾಡ್ತೀನಿ ಮೇಡಂ,” ಎಂದರು ಇದ್ದಕ್ಕಿದ್ದಂತೆ. “ಮಗಳ ಮದುವೆ ಆಗೋವರೆಗೂ ಕೂತ್ಕೋತಿದ್ದೆ. ಅವಳೂ ಹೋದಮೇಲೆ ಅಡುಗೆಮನೆ ಕಟ್ಟೆ ಹತ್ರ ನಿಂತು ಎರಡು ತುತ್ತು ತಿಂದು ತಟ್ಟೆ ತೊಳೆದುಬಿಡ್ತೀನಿ. ಒಬ್ಬನೇ ಕೂತು ಊಟ ಮಾಡೋಕೆ ಏನೋ ಒಂಥರಾ ನಾಚಿಕೆ.”

ಅವಳಿಗೆ ತನ್ನ ಒಂದು ತಟ್ಟೆ, ಒಂದು ಲೋಟ ನೆನಪಾಯಿತು. “ನಾನು ರೇಡಿಯೋ ಹಾಕ್ಕೊಂಡು ಊಟ ಮಾಡ್ತೀನಿ. ಹವಾಮಾನ ಹೇಳೋನ ಜೊತೆ.” ಆಮೇಲೆ, ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದಳು. ಕೆಲಸ ಬಿಡುವುದು, ಅಕ್ಕನ ಮನೆ, ಹಿಂದಿನ ರೂಮು.

ಅವರು ಕೇಳಿದರು. “ಆ ರೂಮಿಗೆ ಕಿಟಕಿ ಇದೆಯಾ?”

“ಇದೆ. ತೆಗೆದ್ರೆ ಪಕ್ಕದ ಮನೆ ಗೋಡೆ.”

“ನಿಮಗೆ ನದಿ ಬೇಕಲ್ಲ ಮೇಡಂ.”

ಕಣ್ಣಿಗೆ ಗಾಳಿ ಹೊಡೆಯಿತೆಂದು ಮುಖ ತಿರುಗಿಸಿದಳು.

ಕೊನೆಯ ವಾರ ಎಲ್ಲರನ್ನೂ ಊರಾಚೆಯ ಒಂದು ಶಾಲೆಗೆ ಕಳಿಸಿದರು. ಬೆಳಿಗ್ಗೆಯೆಲ್ಲ ತರಗತಿಯ ಹಿಂದೆ ಕೂತು ಪಾಠ ನೋಡುವುದು, ಮಧ್ಯಾಹ್ನ ಮಕ್ಕಳ ಜೊತೆ ಊಟದ ಹಾಲ್‌ನಲ್ಲಿ ಊಟ. ಅಲ್ಲಿ ಉದ್ದನೆಯ ಮೇಜುಗಳಲ್ಲಿ ಮಕ್ಕಳು ಗಿಜಿಗುಡುತ್ತಿದ್ದರೆ ಮೂಲೆಯ ಮೇಜಿನಲ್ಲಿ ಜಡೆ ಹಾಕಿದ ಒಬ್ಬಳು ಹುಡುಗಿ ಒಬ್ಬಳೇ ಕೂತಿದ್ದಳು. ಯಾರಾದರೂ ಬಂದಾರೆಂದು ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟುಕೊಂಡೇ ಊಟ ಮಾಡುತ್ತಿದ್ದಳು. ಯಾರೂ ಬರಲಿಲ್ಲ.

ಆ ಸಂಜೆಯ ವರದಿಯಲ್ಲಿ ಪಿ.ಟಿ. ಮೇಷ್ಟ್ರು ಎದ್ದರು.

“ಮೇಡಂ ಇವತ್ತು ಊಟ ಮಾಡಲಿಲ್ಲ. ಒಬ್ಬಳೇ ಕೂತಿದ್ದ ಒಂದು ಹುಡುಗೀನ ನೋಡ್ತಾ ಇದ್ರು. ಹುಡುಗಿ ಕುರ್ಚಿ ಮೇಲೆ ಕೈ ಇಟ್ಟಿದ್ಲು. ಮೇಡಂ ಕೂಡ ತಮ್ಮ ಪಕ್ಕದ ಕುರ್ಚಿ ಮೇಲೆ ಕೈ ಇಟ್ಕೊಂಡಿದ್ರು. ಅವರಿಗೇ ಗೊತ್ತಿರಲಿಲ್ಲ.”

ಈ ಸಲ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಅವಳ ಕಡೆ ತಿರುಗಿ, ತಿರುಗಿದಷ್ಟೇ ಬೇಗ ನೆಲಕ್ಕಿಳಿದವು. ಆ ನೋಟವನ್ನು ಅವಳು ಬಲ್ಲಳು. ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಅಕ್ಕನ ಬಾಗಿಲಲ್ಲಿ ಅದನ್ನೇ ಕಂಡಿದ್ದಳು. ಪಾಪ ಅನ್ನುವ ನೋಟ.

ಮೊಗಸಾಲೆಯಲ್ಲಿ ಅವರನ್ನು ತಡೆದು ಕೇಳಿದಳು. “ಅಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆಯೋಕೆ ನಿಮಗೆ ಯಾರು ಹೇಳಿದ್ದು?”

“ಮೇಡಂ, ನಾನು...”

“ನನ್ನನ್ನ ನೋಡ್ಬೇಡಿ ಸರ್. ನಾನೂ ನಿಮ್ಮನ್ನ ನೋಡಲ್ಲ. ಲೆಕ್ಕ ಸರಿಹೋಯ್ತು.”

ಅವರ ಕೈ ಕತ್ತಿನ ಸೀಟಿಯ ಕಡೆ ಹೋಗಿ ಅಲ್ಲೇ ನಿಂತಿತು. ಅವಳು ತಿರುಗಿ ನೋಡದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಟಲಿನ ಪಕ್ಕ ಎರಡು ಕಪ್ಪು ಹೊಳೆಯುತ್ತಿದ್ದವು. ಒಂದನ್ನು ಎತ್ತಿ ಕಪಾಟಿನೊಳಗಿಟ್ಟು, ಹಾಸಿಗೆಯ ಮೇಲೆ ಕೂತು ಚೆನ್ನಾಗಿ ಅತ್ತಳು.

ಮರುದಿನ ಆ ಶಾಲೆಯಲ್ಲಿ ಕೊನೆಯ ದಿನ. ಆಡಿದ ಮಾತಿಗೆ ಅವಳು ತಪ್ಪಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಕೂತಳು. ಅವರು ಹಿಂದೆ ಎಲ್ಲೋ ಕೂತರು. ಎಲ್ಲಿ ಎಂದು ನೋಡಲಿಲ್ಲ. ಮಕ್ಕಳು ಹಾಡು ಹಾಡಿ ಬೀಳ್ಕೊಟ್ಟಾಗ ಎಲ್ಲರೂ ಮುಂಬಾಗಿಲಿನಿಂದ ಹೊರಟರೆ, ಅವರ ಎದುರು ಬೀಳಬಾರದೆಂದು ಅವಳು ಗ್ರಂಥಾಲಯದ ಪಕ್ಕದ ಬಾಗಿಲಿನಿಂದ ಇಳಿದು ಎಲ್ಲರಿಗಿಂತ ಮೊದಲೇ ಬಸ್ಸು ಹತ್ತಿದಳು.

ಹಾಜರಿ ಶುರುವಾಯಿತು. ಅವತ್ತು ಸರದಿ ಅವಳದು.

“ಮಿಕ್ಕವರು?”

ಹಿಂದೆ ತಿರುಗಿದರೆ ಅವರ ಕಣ್ಣು ಸಿಗುತ್ತದೆ. ಸಿಕ್ಕರೆ ಸೋಲುತ್ತೇನೆಂದು ಅವಳಿಗೆ ಗೊತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. “ಇದ್ದಾರೆ.”

ಬಸ್ಸು ಹೊರಟಿತು. ಹಾಡಿ ದಣಿದಿದ್ದ ಮೇಷ್ಟ್ರುಗಳು, ಟೀಚರುಗಳು ತೂಕಡಿಸಿದರು. ಊರ ನಡುವಿನ ಶಿಕ್ಷಣ ಕಚೇರಿಯಲ್ಲಿ ಪ್ರಮಾಣಪತ್ರ ಕೊಡುವ ಸಮಾರಂಭವಿತ್ತು. ಎಲ್ಲರೂ ಇಳಿದು ಕೋಟು ಸರಿಮಾಡಿಕೊಳ್ಳುವಾಗ ವಿಜ್ಞಾನದ ಮೇಷ್ಟ್ರು ಒಂದು ಚೀಲ, ಒಂದು ಫೋನು ಹಿಡಿದುಕೊಂಡು ಬಂದರು. ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

“ಇದು ಪಿ.ಟಿ.ಯವರದ್ದು. ಬೆಳಿಗ್ಗೆಯಿಂದ ಹಿಂದಿನ ಸೀಟಲ್ಲೇ ಇದೆ. ಅವರೆಲ್ಲಿ?”

ಹೆಡ್‌ಮೇಡಂ ಅವಳ ಕಡೆ ನೋಡಿದರು. ಬೇರೆ ಯಾರೂ ಮಾಡಲಾರದ ತಪ್ಪು ಇದು. ದಿನಾ ಬೆಳಿಗ್ಗೆ ಹಾಜರಿ ಕರೆದು, ತಲೆಯೆತ್ತದೆ ‘ಬಂದಿದ್ದಾಳೆ, ಬಂದಿದ್ದಾನೆ’ ಎಂದು ಗುರುತು ಹಾಕಿ ರೂಢಿಯಾದವರು ಮಾತ್ರ ಮಾಡುವ ತಪ್ಪು.

“ನಾನು ನೋಡ್ಲಿಲ್ಲ ಮೇಡಂ,” ಎಂದಳು. “ನೋಡದೇ, ‘ಇದ್ದಾರೆ’ ಅಂದುಬಿಟ್ಟೆ.”

“ಇಷ್ಟು ವರ್ಷ ಟೀಚರ್ ಆಗಿ...” ಎಂದು ಶುರುಮಾಡಿದ ಹೆಡ್‌ಮೇಡಂ ಅವಳ ಮುಖ ಕಂಡು ನಿಲ್ಲಿಸಿದರು. “ಸರಿ. ಇಲ್ಲಿಯ ಗೈಡ್‌ನ ಕಳಿಸೋಣ.”

“ಬೇಡ ಮೇಡಂ. ನನ್ನ ಜೋಡಿ. ನಾನೇ ಹೋಗ್ತೀನಿ.”

ಹೆಡ್‌ಮೇಡಂ ಅವಳನ್ನು ಒಮ್ಮೆ ದಿಟ್ಟಿಸಿ ನೋಡಿದರು. “ಅವರ ಫೋನು ತಗೊಂಡು ಹೋಗು. ನಿನ್ನದು ಆನ್ ಇರಲಿ,” ಎಂದಷ್ಟೇ ಹೇಳಿದರು.

ಜಿಲ್ಲೆ ದಾಟದವಳು, ಭಾಷೆ ಬಾರದವಳು, ಪರದೇಶದ ಬಸ್ ಸ್ಟಾಪಿನಲ್ಲಿ ಒಬ್ಬಳೇ ನಿಂತಳು. ಶಾಲೆ ನದಿಯ ಮೇಲ್ಭಾಗದಲ್ಲಿದೆ, ಅಷ್ಟು ಗೊತ್ತು. ನದಿ ಯಾವ ಕಡೆಯಿಂದ ಬರುತ್ತದೆಂದೂ ಗೊತ್ತು, ಮ್ಯೂಸಿಯಮ್ಮಿನ ಕಿಟಕಿಯಲ್ಲಿ ಎರಡು ಸಲ ನೋಡಿದ್ದಳಲ್ಲ. ನದಿಗೆ ಎದುರಾಗಿ ಹೊರಟ ಬಸ್ಸನ್ನು ಹತ್ತಿದಳು. ಡ್ರೈವರನಿಗೆ ಶಾಲೆಯ ಫೋಟೋ ತೋರಿಸಿದಳು. ಅವನು ಏನೋ ಹೇಳಿ ತಲೆಯಾಡಿಸಿದ.

ದಾರಿಯುದ್ದಕ್ಕೂ ಒಂದೇ ಯೋಚನೆ. ಅವರು ಹೆದರಿ ಎಲ್ಲಿಗಾದರೂ ನಡೆದುಬಿಟ್ಟಿದ್ದರೆ? ಬಸ್ಸು ಬಿಟ್ಟು ಹೋದಾಗ ಹಿಂದೆ ಓಡಿರಬಹುದೇ? ಯಾರೂ ತನ್ನನ್ನು ಎಣಿಸಲಿಲ್ಲ ಎಂದು ಅವರಿಗೆ ಅನ್ನಿಸಿರಬಹುದಲ್ಲ? ಆ ಕೊನೆಯ ಯೋಚನೆ ಅವಳಿಗೆ ತಡೆಯಲಾರದಷ್ಟು ನೋವು ಕೊಟ್ಟಿತು. ಎಣಿಕೆಗೆ ಸಿಗದೆ ಹೋಗುವುದು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಶಾಲೆಯ ಗೇಟು ಅರ್ಧ ಮುಚ್ಚಿತ್ತು. ಮಕ್ಕಳೆಲ್ಲ ಹೊರಟುಹೋಗಿದ್ದರು. ಖಾಲಿ ಮೈದಾನದ ಅಂಚಿನ ಕಲ್ಲಿನ ಮೆಟ್ಟಿಲ ಮೇಲೆ, ಇಳಿಬಿಸಿಲಿನಲ್ಲಿ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಪಿ.ಟಿ. ಮೇಷ್ಟ್ರು ಕೂತಿದ್ದರು. ಕಳೆದುಹೋದರೆ ಕೊನೆಯ ಸಲ ಇದ್ದ ಜಾಗ ಬಿಟ್ಟು ಕದಲಬಾರದೆಂದು ಮಕ್ಕಳಿಗೆ ಹೇಳಿಕೊಡುವುದನ್ನು ತಾವೇ ಪಾಲಿಸುತ್ತಿದ್ದರು.

ಅವಳು ಓಡಿದಳು. ಎಷ್ಟು ವರ್ಷದ ಮೇಲೆ ಓಡಿದಳೋ.

ಅವರು ಎದ್ದು ನಿಂತರು. “ಮೇಡಂ! ಎಲ್ಲಿದ್ರಿ? ನಾನು ಇಡೀ ಸ್ಕೂಲು ಹುಡುಕಿದೆ.”

“ನನ್ನನ್ನಾ?”

“ಇನ್ಯಾರನ್ನ? ಎಲ್ಲರೂ ಹೊರಗೆ ಬಂದ್ರು, ನೀವು ಬರಲಿಲ್ಲ. ಕ್ಲಾಸ್ ರೂಮು, ಊಟದ ಹಾಲ್, ಲೈಬ್ರರಿ ಎಲ್ಲ ನೋಡಿ ಬರೋ ಅಷ್ಟರಲ್ಲಿ ಬಸ್ಸು ಹೋಗಿತ್ತು.”

“ಇವತ್ತು ಹಾಜರಿ ಸರದಿ ನಂದಾಗಿತ್ತು ಸರ್. ನೀವ್ಯಾಕೆ ನನ್ನನ್ನ ಹುಡುಕೋಕೆ ಹೋದ್ರಿ?”

“ಸರದಿ ಯಾರದಾದ್ರೇನು?” ಎಂದರು ಅವರು. “ನೀವು ಬಂದಿದ್ದನ್ನ ನೋಡದೆ ನಾನು ಹೇಗೆ ಬಸ್ ಹತ್ತಲಿ?”

ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳು ಬಂತು, ತಡೆಯಲಿಲ್ಲ. “ನಾನು ನೋಡ್ಲಿಲ್ಲ ಸರ್. ಕಿಟಕಿ ಕಡೆ ಮುಖ ಮಾಡಿ ‘ಇದ್ದಾರೆ’ ಅಂತ ಹೇಳಿದೆ. ನಾನೇ ನಿಮ್ಮನ್ನ ಬಿಟ್ಟುಹೋಗಿದ್ದು.”

ಅವರು ಒಂದು ಮೆಟ್ಟಿಲು ಕೆಳಗೆ ಕೂತರು. ಬೈಯಲಿಲ್ಲ. “ಬಂದ್ರಲ್ಲ,” ಎಂದರು.

ಆಗ ಅವಳಿಗೆ ಅವರ ಕತ್ತು ಬರಿದಾಗಿದ್ದದ್ದು ಕಾಣಿಸಿತು. “ಸೀಟಿ ಎಲ್ಲಿ?”

“ಆ ಹುಡುಗಿಗೆ ಕೊಟ್ಟೆ. ಬೆಳಿಗ್ಗೆ ಆಟಕ್ಕೆ ಅವಳನ್ನೇ ರೆಫ್ರಿ ಮಾಡ್ದೆ. ಸೀಟಿ ಇದ್ದೋರ ಸುತ್ತ ಎಲ್ಲರೂ ಬಂದೇ ಬರ್ತಾರೆ ಮೇಡಂ. ಮಧ್ಯಾಹ್ನ ಊಟಕ್ಕೆ ಅವಳ ಮೇಜಲ್ಲಿ ಜಾಗ ಇರಲಿಲ್ಲ. ನೀವು ನೋಡ್ಲಿಲ್ಲ.”

“ನಾನು ಇವತ್ತು ಏನನ್ನೂ ನೋಡ್ಲಿಲ್ಲ.”

“ನಿನ್ನೆ ನಾನು ಹೇಳಿದ್ದು ನಿಮ್ಮನ್ನ ಪಾಪ ಅನ್ನೋಕಲ್ಲ,” ಎಂದರು ಅವರು, ಮೈದಾನದ ಕಡೆಯೇ ನೋಡುತ್ತ. “ಅಷ್ಟು ಜನ ಮೇಷ್ಟ್ರುಗಳಲ್ಲಿ ಆ ಮಗು ಕಂಡಿದ್ದು ನಿಮ್ಮೊಬ್ಬರಿಗೇ. ನನಗೂ ಕಂಡಿರಲಿಲ್ಲ. ನಾನು ನಿಮ್ಮನ್ನ ನೋಡ್ತಾ ಇದ್ದೆ. ನಿಮ್ಮನ್ನ ನೋಡಿ ಆಮೇಲೆ ಅದನ್ನ ನೋಡಿದೆ. ಅದನ್ನ ಹೇಳೋಕೆ ಬರಲಿಲ್ಲ ನನಗೆ. ಕೂಗೋದೊಂದು ಬಿಟ್ಟು ಬೇರೆ ಮಾತು ನನಗೆ ಸರಿಯಾಗಿ ಬರಲ್ಲ.”

ಮೈದಾನದ ಮೇಲೆ ನೆರಳು ಉದ್ದವಾಗುತ್ತಿತ್ತು. ಅವಳು ಮೂಗು ಒರೆಸಿಕೊಂಡಳು.

“ಅಕ್ಕನ ಮನೆಗೆ ಹೋಗ್ಬೇಡಿ,” ಎಂದರು ಅವರು.

“ಮತ್ತೆಲ್ಲಿಗೆ ಹೋಗ್ಲಿ?”

ಅವರ ಕೈ ಅಭ್ಯಾಸದಿಂದ ಸೀಟಿಗೆ ತಡಕಾಡಿತು, ಸಿಗಲಿಲ್ಲ. “ನಮ್ಮ ಮನೆ ಮುಂದೆ ಮೈದಾನ ಇದೆ. ನದಿ ಇಲ್ಲ. ಒಂದು ಕಾಲುವೆ ಇದೆ... ಬೇಸಗೇಲಿ ಅದರಲ್ಲಿ ನೀರಿರಲ್ಲ, ಸುಳ್ಳು ಹೇಳಬಾರದು.” ಕಿವಿ ಕೆಂಪಾಗಿತ್ತು. “ಊಟಕ್ಕೆ ಕೂತ್ಕೋಬೇಕು ಅಂತ ಆಸೆ ಆಗಿದೆ ಮೇಡಂ. ಅಷ್ಟೇ.”

ಅವಳಿಗೆ ಹೂಂ ಅನ್ನಬೇಕೆನಿಸಿತು. ಆದರೆ ಇಷ್ಟು ವರ್ಷ ಒಬ್ಬಳೇ ಬದುಕಿದವಳಿಗೆ ಆ ಒಂದು ಅಕ್ಷರ ಬೆಟ್ಟದಷ್ಟು ಭಾರ. “ಅಕ್ಕಂಗೆ ಮಾತು ಕೊಟ್ಟಿದ್ದೀನಿ ಸರ್. ರೂಮು ಖಾಲಿ ಮಾಡಿಸಿದಾಳೆ. ನನಗೆ ಗೊತ್ತಾಗ್ತಿಲ್ಲ.”

“ಸರಿ,” ಎಂದರು ಅವರು. ಮತ್ತೆ ಕೇಳಲಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬಂದರು. ಗಾಜಿನಲ್ಲಿ ಅವರ ಮುಖ ಹೊರಗಿನ ದೀಪಗಳ ಮೇಲೆ ತೇಲುತ್ತ ಬಂತು. ಈ ಸಲ ಹುಬ್ಬು ಹಾರಲಿಲ್ಲ.

ವಾಪಸು ಬಂದು ಇಳಿದ ದಿನ, ಲಗೇಜು ತಿರುಗುವ ಬೆಲ್ಟಿನ ಹತ್ತಿರ ಹೆಡ್‌ಮೇಡಂ ಕೊನೆಯ ಹಾಜರಿ ಕರೆದರು. ಆಮೇಲೆ ಅವರ ದನಿಯೂ ಸ್ವಲ್ಪ ಇಳಿಯಿತು. “ಇಲ್ಲಿಗೆ ಜೋಡಿ ಪದ್ಧತಿ ಮುಗೀತು. ಇನ್ನು ಯಾರೂ ಯಾರನ್ನೂ ನೋಡ್ಕೋಬೇಕಾಗಿಲ್ಲ. ಎಲ್ಲರೂ ಹುಷಾರಾಗಿ ಮನೆ ಸೇರಿ.”

ಗುಂಪು ನೀರಿನಂತೆ ಚದುರಿತು. ಒಬ್ಬರಿಗೆ ಗಂಡ ಬಂದಿದ್ದ, ಒಬ್ಬರಿಗೆ ಮಕ್ಕಳು. ವಿಜ್ಞಾನದ ಮೇಷ್ಟ್ರ ಹೆಂಡತಿ ಬಂದು ಮೊದಲು ಸೂಟ್‌ಕೇಸು ನೋಡಿ ಆಮೇಲೆ ಗಂಡನನ್ನು ನೋಡಿದರು. ಪಿ.ಟಿ. ಮೇಷ್ಟ್ರು ಚೀಲ ಹೆಗಲಿಗೇರಿಸಿ ಅವಳ ಮುಂದೆ ಒಂದು ಗಳಿಗೆ ನಿಂತರು.

“ಬರ್ತೀನಿ ಮೇಡಂ. ನನ್ನ ಬಸ್ಸು ಆ ಕಡೆ ಬಾಗಿಲಿಂದ.”

“ಹೋಗಿ ಬನ್ನಿ ಸರ್.”

ಇಷ್ಟೇ. ಇನ್ನೇನು ಹೇಳಬೇಕಿತ್ತೋ ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನೆಲ ನೋಡುತ್ತ ಟ್ರಾಲಿ ತಳ್ಳಿದಳು. ಹೊರಗೆ ಅಕ್ಕ ಕಂಬಿ ಹಿಡಿದು ನಿಂತು ಕೈ ಬೀಸುತ್ತಿದ್ದಳು.

“ಅಯ್ಯೋ, ಎಷ್ಟು ಸೊರಗಿದ್ದೀಯೇ! ನಡಿ, ಕಾರು ಅಲ್ಲಿದೆ. ರೂಮಿಗೆ ಬಣ್ಣ ಹೊಡೆಸಿದ್ದೀನಿ.” ಅಕ್ಕ ಟ್ರಾಲಿಗೆ ಕೈ ಹಾಕಿದಳು. “ಹೇಳು ಹೇಳು, ಏನೇನು ನೋಡಿದೆ ಅಲ್ಲಿ?”

ಎರಡು ವಾರದ ರೂಢಿ, ಅವಳ ಬಾಯಿ ತಾನಾಗಿಯೇ ಶುರುಮಾಡಿತು. “ಅಲ್ಲೊಂದು ಗೋಪುರ ಇತ್ತಕ್ಕ. ಅವರು ಊರು ನೋಡ್ಲಿಲ್ಲ, ಮೆಟ್ಟಿಲು ನೋಡಿದ್ರು. ಗೋಡೆ ಕಡೆ ಸವೆದಿರೋದನ್ನ. ಆಮೇಲೆ ಸೇತುವೆ ಮೇಲೆ ಒಬ್ಬ ಮುದುಕ ಹೆಂಡತಿ ಬೂಟಿನ ಲೇಸು ಕಟ್ತಾ ಇದ್ದ, ಅದನ್ನ ನೋಡಿದ್ರು. ಊಟದ ಹಾಲ್‌ನಲ್ಲಿ ಯಾರೂ ಸೇರಿಸ್ಕೊಳ್ಳದ ಹುಡುಗೀನ ನೋಡಿದ್ರು. ಆಮೇಲೆ...” ಅವಳ ಹೆಜ್ಜೆ ನಿಧಾನವಾಯಿತು. “ಆಮೇಲೆ ನನ್ನನ್ನ ನೋಡಿದ್ರು ಅಕ್ಕ. ದಿನಾ ನೋಡಿದ್ರು.”

ಅಕ್ಕ ಟ್ರಾಲಿ ನಿಲ್ಲಿಸಿದಳು. ತಂಗಿಯ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು.

“ನೀನು ಏನು ನೋಡಿದೆ ಅಂತ ನಾನು ಕೇಳಿದ್ದು,” ಎಂದಳು ಮೆಲ್ಲಗೆ. “ಯಾರೇ ಅವರು? ಈಗ ಎಲ್ಲಿದ್ದಾರೆ?”

“ಹೋಗಿರ್ತಾರೆ,” ಎಂದಳು ಅವಳು, ಟ್ರಾಲಿಯ ಹಿಡಿ ನೋಡುತ್ತ.

ಅಂದ ಕೂಡಲೇ ಅವಳಿಗೆ ಹೊಳೆಯಿತು. ಮತ್ತೆ ಅದೇ ತಪ್ಪು. ಮತ್ತೆ ನೋಡದೆ ಹೇಳಿದ್ದಳು.

ತಿರುಗಿದಳು. ಈ ಸಲ ನೆಪವಿಲ್ಲದೆ, ಗಾಜಿಲ್ಲದೆ, ಪೂರ್ತಿ ತಿರುಗಿದಳು. ಜನ ಬರುತ್ತಿದ್ದರು, ಹೋಗುತ್ತಿದ್ದರು. ಅವರೆಲ್ಲರ ಆಚೆ, ಆ ಕಡೆಯ ಬಾಗಿಲ ಹತ್ತಿರ, ಹೆಗಲಿಗೆ ಚೀಲ ಹಾಕಿಕೊಂಡು ಎತ್ತರದ ಆಳೊಬ್ಬರು ನಿಂತೇ ಇದ್ದರು. ಅವಳು ಕಾರು ಹತ್ತುವುದನ್ನು ನೋಡದೆ ಅವರು ತಮ್ಮ ಬಸ್ಸು ಹತ್ತುವವರಲ್ಲ. ಅವಳಿಗೆ ಅದು ಗೊತ್ತಿರಬೇಕಿತ್ತು.

“ಇಲ್ಲ ಅಕ್ಕ,” ಎಂದಳು. “ಇಲ್ಲೇ ಇದ್ದಾರೆ.”

ಟ್ರಾಲಿಯನ್ನು ಅಕ್ಕನ ಕೈಯಲ್ಲೇ ಬಿಟ್ಟು ಆ ಬಾಗಿಲ ಕಡೆ ನಡೆದಳು. “ಏ, ರೂಮಿಗೆ ಬಣ್ಣ ಹೊಡೆಸಿದ್ದೀನಲ್ಲೇ!” ಎಂದು ಅಕ್ಕ ಹಿಂದಿನಿಂದ ಕೂಗಿದಳು. ಆ ದನಿಯಲ್ಲಿ ಸಿಟ್ಟಿಗಿಂತ ನಗುವೇ ಹೆಚ್ಚಾಗಿತ್ತು.